ಕರಿಮರಳಿನ ಗಡಿಗೆ

ಭಾನುವಾರ ಬೆಳಿಗ್ಗೆ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗಲೇ ನನಗೆ ಅರ್ಧ ಸಿಟ್ಟು ಬಂದಿರುತ್ತಿತ್ತು. ವಾರಪೂರ್ತಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿ ಗಂಟಲು ಕೆಟ್ಟಿರುತ್ತದೆ. ಸಿಗುವುದು ಒಂದೇ ಒಂದು ರಜೆ. ಆ ರಜೆಯಲ್ಲೂ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಶಿಕಾರಿಪುರದಲ್ಲಿ ಇಳಿದು, ತಮ್ಮನ ಬೈಕಿನ ಹಿಂದೆ ಕೂತು ಅಂಬ್ಲಿಗೊಳದ ಕಡೆಗಿರುವ ತವರಿನ ಹಳ್ಳಕ್ಕೆ ಹೋಗಬೇಕು. ಯಾತಕ್ಕೆ? ಬೆಂಗಳೂರಿನಿಂದಲೋ ದಾವಣಗೆರೆಯಿಂದಲೋ ಕಾರು ಮಾಡಿಕೊಂಡು ಬಂದವರಿಗೆ ಮರಳು ತೊಳೆಯುವುದನ್ನು ತೋರಿಸಲಿಕ್ಕೆ!

ಇದೆಲ್ಲ ನನ್ನ ತಮ್ಮ ಮೈಮೇಲೆ ಎಳೆದುಕೊಂಡ ಕೆಲಸ. ನಮ್ಮ ಹೊಲದ ತುದಿಯಲ್ಲಿ ಹರಿಯುವ ಹಳ್ಳದ ಮರಳಿನಲ್ಲಿ ಚಿನ್ನದ ಪುಡಿ ಇದೆ ಎಂಬುದು ನಮ್ಮವರಿಗೆ ಹೊಸ ಸುದ್ದಿಯಲ್ಲ. ಹೊನ್ನಾಳಿ ಕಡೆಯ ಗುಡ್ಡಗಳಲ್ಲಿ ಬ್ರಿಟಿಷರ ಕಾಲದಲ್ಲಿ ಗಣಿಯನ್ನೇ ತೋಡಿದ್ದರು. ಈಗ ಅಲ್ಲಿ ಉಳಿದಿರುವುದು ಮುಳ್ಳುಕಂಟಿ ಬೆಳೆದ ಗುಂಡಿಗಳು. ನಮ್ಮ ಹಳ್ಳದ ತನಕ ಗಣಿ ಬರಲಿಲ್ಲ. ಆದರೆ ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ನಮ್ಮ ಮನೆಯ ಹೆಂಗಸರು ದಡದಲ್ಲಿ ಕುರಿ ಮೇಯಲು ಬಿಟ್ಟು, ತಾವು ನೀರಿನಲ್ಲಿ ಕೂತು ಮರಳು ತೊಳೆಯುತ್ತಿದ್ದರು. ಅದಕ್ಕೆ ಬಳಸುವುದು ಮರಿಗೆ. ಒಂದೇ ಮರದ ತುಂಡಿನಲ್ಲಿ ಕೆತ್ತಿದ, ನಡುವೆ ತಗ್ಗಾದ ಅಗಲವಾದ ಪಾತ್ರೆ ಅದು. ಮರಳು ತುಂಬಿ, ನೀರಿಗೆ ಅದ್ದಿ, ಕುಲುಕುತ್ತಾ ತಿರುಗಿಸುತ್ತಾ ಹಗುರವಾದದ್ದನ್ನು ಹೊರಗೆ ಹೋಗಲು ಬಿಡಬೇಕು. ದಿನವಿಡೀ ತೊಳೆದರೆ ಸಾಸಿವೆಯ ಚೂರಿನಷ್ಟು ಸಿಕ್ಕರೆ ಸಿಕ್ಕೀತು, ಇಲ್ಲದಿದ್ದರೆ ಇಲ್ಲ.

ತಮ್ಮನ ತಲೆಗೆ ಇದು ಎರಡು ವರ್ಷದ ಹಿಂದೆ ಹೊಕ್ಕಿತು. ಅಂಬ್ಲಿಗೊಳದ ಜಲಾಶಯ ನೋಡಲು ಬರುವವರು, ಈಸೂರು ನೋಡಿಕೊಂಡು ಬರುವವರು, ಇವರನ್ನೆಲ್ಲ ನಮ್ಮ ಹಳ್ಳಕ್ಕೆ ಇಳಿಸಿದರೆ ಹೇಗೆ ಅಂತ. ರಸ್ತೆಗೆ ಒಂದು ಬೋರ್ಡು ಹಾಕಿದ. ದಡದಲ್ಲಿ ಹಸಿರು ನೆಟ್ಟಿನ ಚಪ್ಪರ ಕಟ್ಟಿದ. ಸಂತೆಯಿಂದ ನೀಲಿ ಪ್ಲಾಸ್ಟಿಕ್ ಬೇಸಿನ್ನುಗಳನ್ನು ತಂದು ಪೇರಿಸಿದ. ಆಮೇಲೆ ನನಗೆ ಫೋನು ಮಾಡಿ, "ಅಕ್ಕಾ, ನಿನ್ಗೆ ಇಂಗ್ಲೀಷು ಬರ್ತೈತಿ, ಸೈನ್ಸೂ ಬರ್ತೈತಿ. ಭಾನ್ವಾರ ಒಂದೊಪ್ಪತ್ತು ಬಂದು ಹೇಳ್ಕೊಟ್ಟು ಹೋಗವಾ" ಎಂದ. ಒಂದೊಪ್ಪತ್ತು ಎಂದದ್ದು ಪ್ರತಿ ಭಾನುವಾರವಾಯಿತು.

ಬರುವವರ ಬಗ್ಗೆ ಏನು ಹೇಳಲಿ! ಒಬ್ಬ ಮಹಾಶಯರು ಬೂಟು ಬಿಚ್ಚದೆ ನೀರಿಗಿಳಿದು, ಪಾಚಿಗೆ ಜಾರಿ ಕೂತು, "ಇಲ್ಲೊಂದು ಮ್ಯಾಟ್ ಹಾಕಿಸ್ಬಾರ್ದಾ ಮೇಡಂ?" ಎಂದು ನನ್ನನ್ನೇ ಗದರಿದರು. ಹಳ್ಳಕ್ಕೆ ಮ್ಯಾಟು! ಇನ್ನೊಬ್ಬರು ಬೇಸಿನ್ನಿಗೆ ಮರಳು ತುಂಬುವ ಮೊದಲೇ "ಗ್ಯಾರಂಟಿ ಸಿಗುತ್ತಾ?" ಎಂದು ಕೇಳುತ್ತಾರೆ. ಬಿಸಿಲಿಗೆ ಕಾಗೆಬಂಗಾರ ಮಿನುಗಿದರೆ ಸಾಕು, ಗುಂಪಿಗೆ ಗುಂಪೇ ಕಿರುಚಿಕೊಂಡು ಮೊಬೈಲು ಎತ್ತುತ್ತದೆ. ಅದು ಕಾಗೆಬಂಗಾರ, ಚಿನ್ನವಲ್ಲ, ಬೆರಳಲ್ಲಿ ಒತ್ತಿದರೆ ಪದರ ಪದರ ಏಳುತ್ತದೆ ನೋಡಿ ಎಂದರೆ, ಅವರ ಮನೆಯ ಆಸ್ತಿಯನ್ನೇ ನಾನು ಕಿತ್ತುಕೊಂಡೆ ಎನ್ನುವಂತೆ ಮುಖ ಮಾಡುತ್ತಾರೆ. ನಾನು ಮತ್ತೆ ಮತ್ತೆ ಅದೇ ಪಾಠ ಒಪ್ಪಿಸುತ್ತಿದ್ದೆ. ಭಾರವಾದದ್ದು ತಳಕ್ಕೆ ಕೂರುತ್ತದೆ, ಹಗುರವಾದದ್ದು ನೀರಿನ ಜೊತೆ ಹೋಗುತ್ತದೆ, ಇದಕ್ಕೆ ಸಾಂದ್ರತೆ ಎನ್ನುತ್ತೇವೆ. ಶಾಲೆಯಲ್ಲಿ ಹೇಳುವುದನ್ನೇ ಮೊಣಕಾಲುದ್ದದ ನೀರಿನಲ್ಲಿ ನಿಂತು ಹೇಳುತ್ತಿದ್ದೆ ಅಷ್ಟೇ.

ತೊಳೆದು ತೋರಿಸುವವಳು ಚಿಕ್ಕವ್ವ. ಅವಳು ನನ್ನ ಅವ್ವನ ತಂಗಿ. ಅಪ್ಪನ ತಮ್ಮನನ್ನೇ ಮದುವೆಯಾಗಿ ಅದೇ ಮನೆಗೆ ಬಂದವಳು. ಅವ್ವ ತೀರಿಕೊಂಡ ಮೇಲೆ ಮರಿಗೆ ಹಿಡಿಯಲು ಬರುವವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಹೋದ ಮಳೆಗಾಲದಲ್ಲಿ ಕುರಿದೊಡ್ಡಿಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಶಕ್ತಿ ಕೂಡಲಿಲ್ಲ. ಬಂದವರ ಮುಂದೆ ಒಂದು ಮರಿಗೆ ತೊಳೆಯುವಷ್ಟರಲ್ಲಿ ಕೈ ನಡುಗಲು ಶುರುವಾಗುತ್ತಿತ್ತು. ಆದರೂ ಆ ಒಂದನ್ನು ನೋಡಬೇಕು. ಎಲ್ಲಿ ಕುಲುಕಿದಳು, ಎಲ್ಲಿ ತಿರುಗಿಸಿದಳು ಎಂದು ತಿಳಿಯುವ ಮೊದಲೇ ಬಿಳಿ ಮರಳೆಲ್ಲ ಹೋಗಿ ತಳದಲ್ಲಿ ಒಂದು ಚಿಟಿಕೆ ಕರಿಮರಳು ಉಳಿದಿರುತ್ತಿತ್ತು. ಅದರ ಅಂಚಿನಲ್ಲಿ ಹಳದಿ ಚುಕ್ಕೆ ಇದ್ದರೆ ಬೆರಳು ತೋರುತ್ತಿದ್ದಳು, ಇಲ್ಲದಿದ್ದರೆ ಸುಮ್ಮನಿರುತ್ತಿದ್ದಳು. ಆಮೇಲೆ ಆ ಕರಿಮರಳನ್ನು ತೆಂಗಿನ ಚಿಪ್ಪಿಗೆ ಬಳಿದುಕೊಂಡು ಮನೆಯ ಕಡೆ ನಡೆಯುತ್ತಿದ್ದಳು. ಮರಿಗೆ ಚೊಕ್ಕಟ ಮಾಡಿಕೊಂಡು ಹೋಗುತ್ತಾಳೆ ಎಂದುಕೊಂಡಿದ್ದೆ ನಾನು. ವಿಜ್ಞಾನದ ಮೇಡಂ ಒಂದು ದಿನವಾದರೂ ಕೇಳಬಾರದಿತ್ತೇ? ಕೇಳಲಿಲ್ಲ.

ಹಳ್ಳದೊಳಗೆ ಚಿಕ್ಕವ್ವ ಚಿನ್ನ ಎಂಬ ಮಾತೆತ್ತುವುದಿಲ್ಲ. ಕಾಳು ಎನ್ನಬೇಕು. ಹೆಸರು ಹಿಡಿದು ಕರೆದರೆ ಅದು ಮರಳಿನಡಿಗೆ ಇಳಿದುಬಿಡುತ್ತದಂತೆ. ಬಂದವರು "ಗೋಲ್ಡ್, ಗೋಲ್ಡ್" ಎಂದು ಕೂಗಿದಾಗಲೆಲ್ಲ ಅವಳ ಹುಬ್ಬು ಗಂಟಾಗುತ್ತಿತ್ತು. ಅವರನ್ನು ಬಯ್ಯುವಂತಿಲ್ಲ, ತಮ್ಮನ ಅತಿಥಿಗಳು. ನನ್ನ ಕಡೆ ನೋಡುತ್ತಿದ್ದಳು. ನಾನು ಬೇರೆ ಕಡೆ ನೋಡುತ್ತಿದ್ದೆ.

ಇನ್ನು ಆ ಕಾಳು ಏತಕ್ಕೆ ಎನ್ನುವುದನ್ನು ಹೇಳಬೇಕು. ನಮ್ಮ ಮನೆಯ ಹೆಣ್ಣುಮಕ್ಕಳ ಮದುವೆಯಲ್ಲಿ ತವರಿನ ತಾಳಿಯ ಗುಂಡು ಮಾಡಿಸುವಾಗ, ಅಕ್ಕಸಾಲಿಗರ ಮೂಸೆಯಲ್ಲಿ ಕರಗುವ ಚಿನ್ನಕ್ಕೆ ಹಳ್ಳದ ಒಂದು ಕಾಳನ್ನು ಹಾಕಿಸುತ್ತಾರೆ. ಅದು ಮನೆಯ ಹೆಂಗಸರೇ ತೊಳೆದದ್ದಾಗಿರಬೇಕು. ಮಗಳಿಗೆ, ಮಗಳ ಮಗಳಿಗೆ, ಎಲ್ಲರಿಗೂ ಇದೇ ಪದ್ಧತಿ. ನನ್ನ ತಾಳಿಗೂ ಹಾಕಿಸಿದ್ದರು. ನನಗದು ಆಗ ನಾಚಿಕೆಯ ಸಂಗತಿಯಾಗಿತ್ತು. ಶಿಕಾರಿಪುರದ ಶಾಲೆಯಲ್ಲಿ ನನ್ನನ್ನು ಮಣ್ಣು ತೊಳೆಯೋರ ಹುಡುಗಿ ಎಂದು ರೇಗಿಸುತ್ತಿದ್ದರು. ಅವ್ವ ಮರಿಗೆ ಕೈಗೆ ಕೊಡಲು ಬಂದರೆ ನಾನು ಪುಸ್ತಕ ಹಿಡಿದುಕೊಂಡು ಕೂರುತ್ತಿದ್ದೆ. ಅವ್ವ ಮತ್ತೆ ಮತ್ತೆ ಕರೆಯುವವಳಲ್ಲ, ಬಿಟ್ಟಳು. ಮದುವೆಯಾಗಿ ಹೋದದ್ದು ಸೊರಬದ ಸಂಬಳದ ನೌಕರಿಯವರ ಮನೆಗೆ. ಮದುವೆಯ ದಿನ ಅತ್ತೆ ನನ್ನ ತಾಳಿಯನ್ನು ಬೆರಳಲ್ಲಿ ಎತ್ತಿ, "ನಿಮ್ಮ ಕಡೆ ಇದಕ್ಕೆ ಹಳ್ಳದ್ದು ಎಂತದೋ ಹಾಕಿಸ್ತಾರಂತಲ್ಲ, ಹೌದನೇ?" ಎಂದು ಕೇಳಿದರು. "ಹಾಗೇನಿಲ್ಲ ಅತ್ತೆ, ಅಂಗಡಿ ಚಿನ್ನ" ಎಂದುಬಿಟ್ಟೆ. ಪಕ್ಕದಲ್ಲೇ ಅವ್ವ ನಿಂತಿದ್ದಳು, ಚಿಕ್ಕವ್ವನೂ ನಿಂತಿದ್ದಳು.

ಈಗ ನನ್ನ ಮಗಳ ಮದುವೆ ಗೊತ್ತಾಯಿತು. ಶ್ರಾವಣದಲ್ಲಿ ಮಾತುಕತೆ, ಮಾಘದಲ್ಲಿ ಮುಹೂರ್ತ. ಸುದ್ದಿ ಹೇಳಲು ತವರಿಗೆ ಹೋದಾಗ ಚಿಕ್ಕವ್ವ ತಾನಾಗಿಯೇ, "ಕೂಸಿನ ತಾಳಿಗೆ ಕಾಳು ನಾನು ಕೊಡ್ತೀನಿ" ಎಂದಳು. ಅವ್ವ ಇಲ್ಲ. ಅವ್ವನ ಕೈಯ ಕೆಲಸ ಉಳಿದಿರುವುದು ಈ ನಡುಗುವ ಕೈಯೊಂದರಲ್ಲೇ, ಅದೂ ಇನ್ನೆಷ್ಟು ದಿನವೋ. ಮಗಳ ತಾಳಿಯಲ್ಲಿ ಆ ಕಾಳು ಇರಲೇಬೇಕು ಎಂದು ನನಗೆ ಆ ಕ್ಷಣದಲ್ಲಿ ಎಂಥ ಆಸೆಯಾಯಿತೆಂದರೆ, ನನಗೇ ಆಶ್ಚರ್ಯವಾಯಿತು. ಅದನ್ನು ಹಾಗೆಯೇ ಹೇಳಬಹುದಿತ್ತಲ್ಲ? ಹೇಳಲು ನಾಲಿಗೆ ಹೊರಳಲಿಲ್ಲ. "ನಿನ್ನ ಕೈ ನೋವು ಚಿಕ್ಕವ್ವಾ, ಸುಮ್ನೆ ಯಾಕೆ ತ್ರಾಸ ತಗೋತೀ" ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ದಸರಾ ರಜೆಯಲ್ಲಿ ಆದದ್ದು ಪಾಯಖಾನೆಯ ಜಗಳ. ಬರುವವರಲ್ಲಿ ಹೆಂಗಸರು ನನ್ನನ್ನು ಪಕ್ಕಕ್ಕೆ ಕರೆದು ಬಾತ್‌ರೂಮ್ ಎಲ್ಲಿ ಎಂದು ಪಿಸುಗುಡುತ್ತಿದ್ದರು; ನಾನು ಜೋಳದ ಹೊಲ ತೋರಿಸಬೇಕಾಗಿತ್ತು. ತಮ್ಮನಿಗೆ ಹೇಳಿದರೆ "ಮುಂದಿನ ವಾರ ಅಕ್ಕಾ" ಎನ್ನುತ್ತಿದ್ದ. ಅವನ ಮುಂದಿನ ವಾರಕ್ಕೆ ಒಂದು ವರ್ಷವಾಗಿತ್ತು. ಸಾಕಾಗಿ, ರಜೆ ಸಿಕ್ಕ ಕೂಡಲೇ ನಾನೇ ಹೋಗಿ ಕೂತು, ಗಾರೆಯವನನ್ನು ಕರೆಸಿ, ದೊಡ್ಡಿಯ ಪಕ್ಕದ ಹಳೆ ಕೋಣೆ ಖಾಲಿ ಮಾಡಿಸಿ, ಅಲ್ಲೇ ಪಾಯಖಾನೆ, ಸ್ನಾನದ ಕೋಣೆ ಎರಡನ್ನೂ ಕಟ್ಟಿಸಲು ನಿಂತೆ. ಆ ನಾಲ್ಕು ದಿನ ನನ್ನ ಬಾಯಿಗೆ ಬೀಗವಿರಲಿಲ್ಲ. ಹರಿದ ಕಂಬಳಿ, ಮುರಿದ ಕುಂಟೆ, ಕುರಿಯ ಉಣ್ಣೆಯ ಹಳೆ ಗಂಟುಗಳು, ಎಲ್ಲವನ್ನೂ ಅಂಗಳಕ್ಕೆ ಹಾಕಿಸಿದೆ. ಈ ಮನೆಯಲ್ಲಿ ಯಾರೂ ಏನನ್ನೂ ಬಿಸಾಡುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಬೈದೆ.

ನೆಲದ ಮೇಲ್ಗಾರೆಯ ದಿನ ಗಾರೆಯವನು, "ಅಕ್ಕಾರೆ, ನುಣ್ಣನ್ನ ಮಳ್ಳು ಸಾಲವಲ್ದು. ಹೊಸ್ತಿಲ ತಾವ ಒಂದೀಟು ಉಳೀತು" ಎಂದ. ಕೋಣೆಯ ಮೂಲೆಯಲ್ಲಿ ಹೆಂಚು ಮುಚ್ಚಿಟ್ಟ ಒಂದು ಮಣ್ಣಿನ ಗಡಿಗೆ ಹಾಗೇ ಉಳಿದಿತ್ತು. ತೆಗೆದು ನೋಡಿದೆ. ಅರ್ಧಕ್ಕೂ ಮೇಲೆ ನುಣುಪಾದ ಕರಿಮರಳು. ಎತ್ತಲು ಹೋದರೆ ಏಳಲೇ ಇಲ್ಲ. ಅಷ್ಟು ಚಿಕ್ಕ ಗಡಿಗೆಯನ್ನು ನಾನೂ ಗಾರೆಯವನೂ ಸೇರಿ ಎತ್ತಿದೆವು. ಪ್ರತಿ ಭಾನುವಾರ ಭಾರ ಹಗುರದ ಪಾಠ ಹೇಳುವ ನಾನು, ಇಷ್ಟು ಚಿಕ್ಕ ಗಡಿಗೆಗೆ ಇಷ್ಟು ಭಾರ ಎಲ್ಲಿಂದ ಬಂತು ಎಂದು ಯೋಚಿಸಲಿಲ್ಲ. ತೇವ ಹಿಡಿದಿರಬೇಕು ಎಂದುಕೊಂಡೆ. ಗಾರೆಯವನು ಅದನ್ನು ಸಿಮೆಂಟಿನ ಮೇಲೆ ಸುರಿದು ಕಲಸಿದ. ಹೊಸ್ತಿಲ ಬಳಿಯ ನೆಲ ಕಪ್ಪಗೆ, ನುಣ್ಣಗೆ ಬಂತು. "ಚಂದ ಬಂತ್ರೀ" ಎಂದ. ನಾನೂ ಚಂದ ಬಂತು ಎಂದೆ.

ಚಿಕ್ಕವ್ವ ಎದುರಿನ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಗಡಿಗೆ ಎತ್ತಿದ್ದನ್ನು ನೋಡಿದಳು, ಸುರಿದದ್ದನ್ನೂ ನೋಡಿದಳು. ಅವಳ ಕೈ ನಿಂತದ್ದು ನನಗೆ ನೆನಪಿದೆ. ಆಗ ಕೈ ನೋವಿರಬೇಕು ಎಂದುಕೊಂಡೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಸೊರಬದಲ್ಲಿ ನಮಗೆ ಗೊತ್ತಿರುವ ಅಕ್ಕಸಾಲಿಗರ ಬಳಿ ತಾಳಿಯ ಮಾತಾಡಲು ಹೋದೆ. ಜೀವಮಾನದಲ್ಲಿ ಮೊದಲ ಸಲ ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳಿದೆ: ನಮ್ಮ ಹಳ್ಳದ ಒಂದು ಕಾಳು ತಂದುಕೊಡುತ್ತೇನೆ, ಗುಂಡಿನ ಚಿನ್ನ ಕರಗಿಸುವಾಗ ಹಾಕಬೇಕು. ನಗುತ್ತಾರೇನೋ ಎಂದು ಕಾದೆ. ಅವರು ನಗಲಿಲ್ಲ. "ಹಾಕಾಣ್ರೀ, ಅದಕ್ಕೆಂತ. ಆದ್ರೆ ಸಂಕ್ರಾಂತಿಯೊಳಗೆ ತಂದ್ಕೊಡಿ. ಆಮೇಲೆ ನಂಗೆ ಪುರಸೊತ್ತಿರದಿಲ್ಲ" ಎಂದರು. ಇಷ್ಟು ಸುಲಭದ ಮಾತನ್ನು ಹೇಳಲು ನಾನು ಇಷ್ಟು ವರ್ಷ ತೆಗೆದುಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಆ ಭಾನುವಾರ ಹಳ್ಳಕ್ಕೂ ಇಳಿಯದೆ ನೇರ ಚಿಕ್ಕವ್ವನ ಹತ್ತಿರ ಹೋದೆ.

"ಚಿಕ್ಕವ್ವಾ, ಕಾಳು ಕೊಡ್ತೀನಿ ಅಂದಿದ್ಯಲ್ಲ. ಸಂಕ್ರಾಂತಿಯೊಳಗೆ ಬೇಕಂತೆ."

"ಇಲ್ಲ" ಎಂದಳು.

"ಇಲ್ಲ ಅಂದ್ರೆ? ಇನ್ನೂ ಸಿಕ್ಕಿಲ್ವಾ?"

"ಇಲ್ಲ ಅಂದ್ರ ಇಲ್ಲ. ಅದ್ರಾಗೇನೈತಿ?"

"ಕೊಡ್ತೀನಿ ಅಂದೋಳು ನೀನೇ. ನಾನೇನು ಕೇಳಿದ್ನಾ?"

"ಹೌದವ್ವಾ. ನೀನೇನು ಕೇಳಲಿಲ್ಲ" ಎಂದು ಎದ್ದು ಕುರಿದೊಡ್ಡಿಯ ಕಡೆ ಹೋದಳು.

ನನಗೆ ಮೈ ಉರಿದುಹೋಯಿತು. ಬೇಕು ಎಂದು ಬಾಯಿಬಿಟ್ಟು ಹೇಳುವಷ್ಟು ನಾನು ಬದಲಾಗಿದ್ದೇನೆ, ಈಗ ಇವಳು ಮುಖ ತಿರುಗಿಸುತ್ತಾಳಲ್ಲ! ತಮ್ಮನಿಗೆ ಹೇಳಿದರೆ ಅವನು, "ಕೈ ನೋವಿಗೆ ಹಂಗಾಡ್ತಾಳ ಬಿಡಕ್ಕಾ. ಅಕ್ಕಸಾಲೇರ ಅಂಗಡ್ಯಾಗ ಎಂಥದಾದ್ರೂ ಪುಡಿ ಸಿಗ್ತೈತಿ, ಅದನ್ನಾ ಹಾಕಿಸು, ಯಾರಿಗೆ ಗೊತ್ತಾಗ್ತೈತಿ?" ಎಂದ. ಅವನನ್ನು ನಾನು ನೋಡಿದ ರೀತಿಗೆ ಬೈಕು ತೊಳೆಯಲು ಹೋಗಿಬಿಟ್ಟ. ಅವಳು ಕೊಡದಿದ್ದರೆ ಬಿಡಲಿ, ನಾನೇ ತೊಳೆಯುತ್ತೇನೆ, ನಾನೂ ಈ ಮನೆಯ ಹೆಣ್ಣೇ ಎಂದುಕೊಂಡು ಮರಿಗೆ ಎತ್ತಿಕೊಂಡು ಹಳ್ಳಕ್ಕಿಳಿದೆ. ಸಂಕ್ರಾಂತಿಗೆ ಐದು ಭಾನುವಾರವಿತ್ತು.

ಆ ಐದು ಭಾನುವಾರಗಳನ್ನು ನೆನೆದರೆ ಈಗಲೂ ಸೊಂಟ ಹಿಡಿಯುತ್ತದೆ. ಹೇಳುವುದು ಎಷ್ಟು ಸುಲಭ, ಮಾಡುವುದು ಎಷ್ಟು ಕಷ್ಟ ಎಂದು ನನ್ನ ಶಿಷ್ಯರು ಅಲ್ಲಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನಿಧಾನ ಕುಲುಕಿದರೆ ಮರಳು ಹೋಗುವುದಿಲ್ಲ. ಜೋರಾಗಿ ಕುಲುಕಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಒಂದು ಸಲವಂತೂ ಮರಿಗೆಯೇ ಕೈತಪ್ಪಿ ನೀರಿನಲ್ಲಿ ತೇಲಿಕೊಂಡು ಹೊರಟು, ದಾವಣಗೆರೆಯ ಒಬ್ಬರು ಹಿಡಿದು ತಂದುಕೊಟ್ಟರು. "ಟೀಚರಿಗೇ ಬರಲ್ಲ ನೋಡ್ರೀ" ಎಂದು ಅವರ ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು.

ಚಿಕ್ಕವ್ವ ದಡದ ಬಂಡೆಯ ಮೇಲೆ ಕೂತು ನೋಡುತ್ತಿದ್ದಳು. ಹೀಗೆ ಹಿಡಿ, ಹಾಗೆ ತಿರುಗಿಸು ಎಂದು ಒಂದು ಮಾತು ಬೇಡವೇ? ಇಲ್ಲ. ನಾನು ಮರಿಗೆ ಖಾಲಿ ಮಾಡಿ ತಲೆ ಎತ್ತಿದರೆ, "ಇನ್ನೊಂದಪ" ಎನ್ನುತ್ತಿದ್ದಳು, ಅಂದರೆ ಇನ್ನೊಂದು ಸಲ. ಮತ್ತೆ ತುಂಬಿಕೊಂಡು ತೊಳೆದು ತಲೆ ಎತ್ತಿದರೆ ಅದೇ "ಇನ್ನೊಂದಪ". ಅವ್ವನಿಗೂ ಅವಳಿಗೂ ಅವರ ಅತ್ತೆ ಹೀಗೆಯೇ ಕಲಿಸಿದ್ದಂತೆ. ನಮ್ಮ ಶಾಲೆಯಲ್ಲಿ ಯಾರಾದರೂ ಹೀಗೆ ಪಾಠ ಮಾಡಿದರೆ ಮರುದಿನವೇ ಪೋಷಕರು ಬಂದು ನಿಲ್ಲುತ್ತಾರೆ.

ಮೂರನೆಯ ಭಾನುವಾರ ಇನ್ನೊಂದು ಸಂಕಟವಾಯಿತು. ಬೆಂಗಳೂರಿನಿಂದ ಬಂದ ಒಬ್ಬಳು, ಬಣ್ಣ ಹಚ್ಚಿದ ಉಗುರಿನವಳು, ಎರಡನೆಯ ಬೇಸಿನ್ನಿಗೇ ಒಂದು ಕಾಳು ಹಿಡಿದಳು. ಕಾಗೆಬಂಗಾರವಲ್ಲ, ನಿಜವಾದದ್ದೇ. ನಾನೇ ಬೆರಳಲ್ಲಿ ಒತ್ತಿ ನೋಡಿ ಹೌದೆಂದೆ. ಅವಳು ಕುಣಿದಾಡಿಬಿಟ್ಟಳು. ತಮ್ಮ ಅದನ್ನು ಚಿಕ್ಕ ಗಾಜಿನ ಸೀಸೆಗೆ ನೀರು ಹಾಕಿ ಕೊಟ್ಟ. ಅವಳು ಸೀಸೆಯನ್ನು ಬಿಸಿಲಿಗೆ ಹಿಡಿದು ಫೋಟೋ ತೆಗೆಯುತ್ತಿದ್ದಾಗ, ಕಸಿದುಕೊಂಡು ಓಡಿಬಿಡೋಣ ಎನಿಸಿತು ನನಗೆ. ಉತ್ಪ್ರೇಕ್ಷೆಯಲ್ಲ, ಕಾಲು ಒಂದು ಹೆಜ್ಜೆ ಮುಂದೆ ಹೋಗಿತ್ತು. "ನಿಮಗೂ ಸಿಗುತ್ತೆ ಆಂಟಿ, ಡೋಂಟ್ ವರಿ" ಎಂದು ಅವಳು ನನಗೇ ಸಮಾಧಾನ ಹೇಳಿ ಕಾರು ಹತ್ತಿದಳು.

ಐದನೆಯ ಭಾನುವಾರ, ಸಂಕ್ರಾಂತಿಗೆ ಇನ್ನು ಎರಡೇ ದಿನ. ಅಷ್ಟರಲ್ಲಿ ಕೈಗೆ ಒಂದಿಷ್ಟು ಹದ ಬಂದಿತ್ತು. ಬಿಳಿ ಮರಳು ಹೋಗಿ ಕರಿಮರಳು ನಿಲ್ಲುವ ತನಕ ನಾನೂ ತರಬಲ್ಲವಳಾಗಿದ್ದೆ. ಆದರೆ ಕಾಳು ಮಾತ್ರ ಇಲ್ಲ. ಕರಿಮರಳನ್ನು ಬೆರಳಲ್ಲಿ ಕೆದಕಿ ನೋಡುವುದು, ಏನೂ ಕಾಣದೆ ಸಿಟ್ಟಿನಿಂದ ಅದನ್ನು ಹಳ್ಳಕ್ಕೆ ಎರಚುವುದು, ಮತ್ತೆ ತುಂಬುವುದು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದನೆಯ ಮರಿಗೆಯೋ ಹನ್ನೆರಡನೆಯದೋ ಇರಬೇಕು, ತಳದ ಕರಿಮರಳನ್ನು ಎರಚಲು ಕೈ ಎತ್ತಿದೆ.

"ಚೆಲ್ಲಬ್ಯಾಡ!" ಎಂದಳು ಚಿಕ್ಕವ್ವ.

ಐದು ವಾರದಲ್ಲಿ ಅವಳ ಬಾಯಿಂದ ಬಂದ ಮೊದಲ ಬೇರೆ ಮಾತು ಅದು. ನಾನು ಹಾಗೆಯೇ ನಿಂತೆ.

"ದಿನಾ ನೋಡ್ತೀನಿ, ಅದನ್ನಾ ಚೆಲ್ತೀಯಲ್ಲ. ಕಾಳು ಅದರಾಗ ಐತಲ್ಲೇ."

"ಇದ್ರಲ್ಲಿ ಏನೂ ಕಾಣಲ್ಲ ಚಿಕ್ಕವ್ವ."

"ಕಾಣಾದು ಎಂದೋ ಒಂದು. ಕಾಣದಿದ್ದದ್ದು ಕರಿಮಳ್ಳಾಗ ಇರ್ತೈತಿ, ಹಿಟ್ಟಿನಂಗ. ಅದನ್ನ ವರ್ಸಾನಗಟ್ಲೆ ಗಡಿಗ್ಯಾಗ ಕೂಡಿಡಾದು. ಹೆಣ್ಣಿನ ಮದುವಿ ಬಂದಾಗ ಎಲ್ಲಾ ಒಟ್ಟಿಗೆ ತೊಳದು ಅಕ್ಕಸಾಲೇರಿಗೆ ಕೊಡಾದು. ಒಂದು ಕಾಳು ಆಗಾದು ಹಂಗ."

"ಯಾವ ಗಡಿಗೆ?" ಎಂದು ಕೇಳಿದೆ. ಕೇಳುತ್ತಿರುವಾಗಲೇ ನನಗೆ ಗೊತ್ತಾಯಿತು.

"ಯಾವ ಗಡಿಗಿ ಅಂತ ನನ್ನಾ ಕೇಳ್ತೀಯಾ? ಗಾರೆಯವ್ನಿಗೆ ಎತ್ತಿ ಕೊಟ್ಯಲ್ಲ, ಅದಾ. ಕೂಸು ಹುಟ್ಟಿದ ವರ್ಸ ನಿಮ್ಮವ್ವ ಇಟ್ಟ ಗಡಿಗಿ. ಅಕಿ ಇರಾಗಂಟ ಅಕಿ ತುಂಬಿದ್ಲು. ಆಮ್ಯಾಲೆ ನಾನು ತುಂಬಿದೆ."

"ನೀನು ಅಲ್ಲೇ ಕೂತಿದ್ದೆ! ಕಣ್ಣಾರೆ ನೋಡ್ತಿದ್ದೆ! ಯಾಕೆ ಬಾಯಿ ಬಿಡಲಿಲ್ಲ?" ನಾನು ಕೂಗುತ್ತಿದ್ದೆ. ಬೇಸಿನ್ನು ಹಿಡಿದವರೆಲ್ಲ ನಮ್ಮ ಕಡೆ ತಿರುಗಿದರು.

ಚಿಕ್ಕವ್ವ ಕೂಗಲಿಲ್ಲ. "ನಿನಗ ಬ್ಯಾಡಾತು ಅನ್ಕಂಡೆ" ಎಂದಳು. "ನಿನ್ ಮದುವ್ಯಾಗ ನಿಮ್ಮತ್ತಿ ಮುಂದ ಇಲ್ಲ ಅಂದಿ. ಮೊನ್ನಿ ನಾನಾಗೇ ಕೊಡ್ತೀನಿ ಅಂದ್ರ ತ್ರಾಸ ಯಾಕ ಅಂದಿ. ಆಮ್ಯಾಲೆ ನನ್ ಕಣ್ಮುಂದ ಗಡಿಗಿ ಸುರಿಸಿದಿ. ಕೂಸಿನ ಬೀಗರು ದೊಡ್ಡೋರು, ನಾಚ್ಕಿ ಆಗ್ತೈತೇನೋ ಅನ್ಕಂಡೆ. ಓದ್ದೋಳು ನೀನು, ಗೊತ್ತಿದ್ದಾ ಮಾಡಿರ್ತಿ. ಇನ್ನೇನು ಕೇಳಾದು?"

ಮತ್ತೆ ಬಂದು ಕೇಳಿದೆನಲ್ಲ, ಐದು ವಾರದಿಂದ ನೀರಿನಲ್ಲಿ ನಿಂತಿದ್ದೇನಲ್ಲ ಎಂದೆ. "ಈಗ ಕೇಳಿದ್ರ ಎಲ್ಲಿಂದ ತರ್ಲೆವ್ವಾ" ಎಂದಳು. "ಕಲೀತಿ ಅಂದ್ರ ಕಲಿ ಅಂತ ಕುಂತೆ."

ಆಗಲೇ ನಿಜ ಹೇಳಬೇಕಿತ್ತು. ನನಗೆ ಬೇಡವಾಗಿರಲಿಲ್ಲ, ಅದು ಏನೆಂದೇ ಗೊತ್ತಿರಲಿಲ್ಲ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಬೇಡವೆಂದು ಎಸೆದವಳು ಎನಿಸಿಕೊಂಡರೂ ಆದೀತು, ಹುಟ್ಟಿ ಬೆಳೆದ ಮನೆಯ ಗಡಿಗೆಯಲ್ಲಿ ಏನಿದೆ ಎಂದು ತಿಳಿಯದೆ ಎಸೆದವಳು ಎಂದು ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ. ಅಷ್ಟೊಂದು ಜನರ ಮುಂದೆ, ಸಾಂದ್ರತೆಯ ಪಾಠ ಹೇಳಿದ ಬಾಯಿಂದ! ಮರಿಗೆಯನ್ನು ಬಂಡೆಯ ಮೇಲಿಟ್ಟು ಬಸ್ಸು ಹಿಡಿದೆ.

ವಿಷಯ ತಿಳಿದ ತಮ್ಮ ರಾತ್ರಿ ಫೋನಿನಲ್ಲಿ ನೆಲ ಒಡೆಸುತ್ತೇನೆ ಎಂದು ಹಾರಾಡಿದ. ಒಡೆದು ಏನು ಮಾಡುತ್ತಾನೆ? ಸಿಮೆಂಟು ಹಿಡಿದು ಮೂರು ತಿಂಗಳಾಗಿತ್ತು. ಕುಟ್ಟಿ ಪುಡಿ ಮಾಡಿದರೂ ಆ ಹಿಟ್ಟಿನಂಥ ಚಿನ್ನವನ್ನು ಸಿಮೆಂಟು ಬಿಟ್ಟುಕೊಡುವುದಿಲ್ಲ. ಅಷ್ಟು ವಿಜ್ಞಾನ ನನಗೆ ಗೊತ್ತು. ಬೇಡ, ಸುಮ್ಮನಿರು ಎಂದೆ. ಸಂಕ್ರಾಂತಿಯ ಹಿಂದಿನ ದಿನ ಅಕ್ಕಸಾಲಿಗರ ಬಳಿ ಹೋಗಿ ಕಾಳು ಸಿಗಲಿಲ್ಲ ಎಂದೆ. "ಅಡ್ಡಿಲ್ಲ ಬಿಡ್ರೀ, ಗುಂಡು ನೋಡಲಿಕ್ಕೆ ಎಂತ ವ್ಯತ್ಯಾಸನೂ ಬರದಿಲ್ಲ" ಎಂದು ಅವರು ಸಮಾಧಾನ ಮಾಡಿದರು. ನನಗೆ ಅವರ ಮೇಲೂ ಸಿಟ್ಟು ಬಂತು.

ತಾಳಿ ಸಿದ್ಧವಾದ ದಿನ ಅದನ್ನು ತೆಗೆದುಕೊಂಡು ತವರಿಗೆ ಹೋದೆ. ಅಂದು ವಾರದ ನಡುವೆ, ಹಳ್ಳದಲ್ಲಿ ಯಾರೂ ಇರಲಿಲ್ಲ. ಶಾಲೆಗೆ ರಜೆ ಹಾಕಿದ್ದೆ. ಚಿಕ್ಕವ್ವ ಕಟ್ಟೆಯ ಮೇಲೆ ಕೂತಿದ್ದಳು. ಗುಲಾಬಿ ಕಾಗದ ಬಿಚ್ಚಿ ಅವಳ ಎಡಗೈಯಲ್ಲಿಟ್ಟೆ. ಗುಂಡುಗಳನ್ನು ಹೆಬ್ಬೆರಳಲ್ಲಿ ಒಂದೊಂದಾಗಿ ಹೊರಳಿಸಿ ನೋಡಿದಳು. "ಚಲೋ ಮಾಡ್ಯಾರ" ಎಂದಳು.

"ಚಿಕ್ಕವ್ವಾ" ಎಂದೆ. "ನನಗೆ ಬೇಡವಾಗಿರಲಿಲ್ಲ. ಆ ಗಡಿಗೇಲಿ ಏನೈತಿ ಅಂತ ನನಗೆ ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲೇ ಇಲ್ಲ."

ಅವಳು ತಾಳಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವಳು ತಾಳಿಯನ್ನು ಕಾಗದದ ಮೇಲೆ ಇಳಿಸಿಟ್ಟಳು.

"ಬ್ಯಾಡಾಗಿ ಚೆಲ್ಲಿದ್ಲು ಅಂತ ಇಷ್ಟು ದಿನ ನಿನ್ ಮ್ಯಾಲೆ ಸಿಟ್ಟಾದ್ರೂ ಇತ್ತು ನನಗ" ಎಂದಳು. "ಈಗ ಅದನ್ನೂ ಇಲ್ದಂಗ ಮಾಡಿದ್ಯಲ್ಲೇ."

ತಾಳಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಕುರಿ ಬಿಡಲು ಎದ್ದಳು.